ಕಂಪ್ಯೂಟರಿನ ಪಾರುಪತ್ಯಗಾರ

ಗುಂಡಿಯನ್ನೊತ್ತಿದ ಮಾತ್ರಕ್ಕೆ ಕಂಪ್ಯೂಟರು ಕೆಲಸಕ್ಕೆ ಅಣಿಯಾಗುವುದಿಲ್ಲ. ಲಿನಕ್ಸ್ ಬಳಸುವ ಯಂತ್ರದಲ್ಲಿ ಮೊದಲು ಅದರ ತಿರುಳಾದ ಕರ್ನೆಲ್ ಎಚ್ಚರಗೊಳ್ಳುತ್ತದೆ. ಅನಂತರ ಒಂದು ಪ್ರೋಗ್ರಾಮನ್ನು ಎಬ್ಬಿಸುತ್ತದೆ. (ಇದು ಈ ಪತ್ರಿಕೆಯಲ್ಲಿ ಅಚ್ಚಾಗುವ ಪ್ರೋಗ್ರಾಮಲ್ಲ, ಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಕಟ್ಟು.) ಅದರ ಅಂಕೆ 1, ವಾಡಿಕೆಯ ಹೆಸರು ಇನಿಟ್. ಜಾಲಸಂಪರ್ಕ, ಮುದ್ರಣ, ದಿನಚರಿ ಬರೆಯುವುದು ಮುಂತಾದ ಸೇವೆಗಳನ್ನೆಲ್ಲ ಕೆಲಸಕ್ಕೆ ಹಚ್ಚುವುದು ಅದರ ಹೊಣೆ, ಮದುವೆಮನೆಯ ಪಾರುಪತ್ಯಗಾರನಿದ್ದಂತೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆಗಳು ಇಂಥ ಯಂತ್ರಗಳನ್ನು ನಂಬಿಕೊಂಡಿರುವಾಗ, ನಡುರಾತ್ರಿ ಒಂದು ಸೇವೆ ಕುಸಿದರೆ ಎತ್ತುವವರಾರು ಎಂಬುದು ಸಣ್ಣ ಪ್ರಶ್ನೆಯಲ್ಲ.

ಯೂನಿಕ್ಸ್‌ನಿಂದ ಬಂದ ‘ಸಿಸ್ಟಂ ಫೈವ್’ ಪದ್ಧತಿ ಬಹು ಸರಳ. ಪ್ರತಿ ಸೇವೆಗೂ ಒಂದು ಆಜ್ಞಾಪಟ್ಟಿ. ಪಟ್ಟಿಯ ಹೆಸರಿನಲ್ಲೇ ಸರದಿಯ ಅಂಕೆ. 10 ಮುಗಿದರೆ 20, ಆಮೇಲೆ 30. ಬಲ್ಲವರು ಯಾರಾದರೂ ಓದಬಹುದು, ತಿದ್ದಬಹುದು. ಆದರೆ ಮುಂದಿನವನು ಆಕಳಿಸುತ್ತ ಕುಳಿತರೆ ಹಿಂದಿನವರೆಲ್ಲ ಕಾಯಬೇಕು. ಹೀಗೆ ಹೊರಟ ಸೇವೆ ಬಳಿಕ ಸತ್ತರೂ ಸಾಮಾನ್ಯವಾಗಿ ಕೇಳುವವರಿಲ್ಲ.

2006ರಲ್ಲಿ ಉಬುಂಟು ಬಳಗದವರು ‘ಅಪ್‌ಸ್ಟಾರ್ಟ್’ ತಂದರು; ಅದು ಹೆಚ್ಚು ಕಾಲ ಬಾಳಲಿಲ್ಲ. 2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಹೊರತಂದ ‘ಸಿಸ್ಟಂಡಿ’ಯದು ಬೇರೆಯೇ ಜಾಣತನ. ಸೇವೆಗಳು ಏಳುವ ಮೊದಲೇ ಅವುಗಳ ಬಾಗಿಲಿಗೆ ಟಪ್ಪಾಲು ಪೆಟ್ಟಿಗೆಗಳನ್ನು ತೂಗುಹಾಕಿಬಿಡುತ್ತದೆ! ಬಂದ ಕಾಗದ ಪೆಟ್ಟಿಗೆಯಲ್ಲಿ ಕಾಯುತ್ತದೆ. ಹೀಗಾಗಿ ಹಲವು ಸೇವೆಗಳನ್ನು ಒಟ್ಟಿಗೇ ಎಬ್ಬಿಸಬಹುದು. (ಆಪಲ್ ಕಂಪನಿಯ ‘ಲಾಂಚ್‌ಡಿ’ ಈ ಉಪಾಯವನ್ನು 2005ರಲ್ಲೇ ಬಳಸಿತ್ತು.) ಒಂದು ಸೇವೆ ಹುಟ್ಟಿಸಿದ ಮರಿಗಳನ್ನೆಲ್ಲ ಒಂದೇ ಗುಂಪಿನಲ್ಲಿಟ್ಟು ಲೆಕ್ಕ ಇಡುತ್ತದೆ, ಹೇಳಿಟ್ಟಿದ್ದರೆ, ಬಿದ್ದ ಸೇವೆಯನ್ನು ತಾನೇ ಎತ್ತುತ್ತದೆ.

ಹಾಗಾದರೆ ತಕರಾರೇನು? ಪಾರುಪತ್ಯಗಾರ ಉಗ್ರಾಣದ ಬೀಗದಕೈಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡನೆಂಬುದು. ದಿನಚರಿ, ಬಳಕೆದಾರರ ಪ್ರವೇಶದ ಲೆಕ್ಕ, ಹೀಗೆ ಒಂದೊಂದೂ ಸಿಸ್ಟಂಡಿ ಬಳಗದ ವಶಕ್ಕೆ ಬಂದುವು. ದಿನಚರಿಯಾದರೋ ಬರಿಯ ಅಕ್ಷರಗಳಲ್ಲಿಲ್ಲ. ಅದನ್ನೋದಲು ಬೇರೆ ಸಾಧನವೇ ಬೇಕು. ಡೆಬಿಯನ್ ಸಂಸ್ಥೆಯ ತಾಂತ್ರಿಕ ಸಮಿತಿಯಲ್ಲಿ 2014ರ ಫೆಬ್ರವರಿಯಲ್ಲಿ ಮತಗಳು ಸಮಸಮವಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಂಡಿ ಗೆದ್ದಿತು. ಒಪ್ಪದವರು ‘ಡೆವುವಾನ್’ ಎಂಬ ಬೇರೆ ಮನೆ ಹೂಡಿದರು. ಮರುವರ್ಷ ಉಬುಂಟು ಸಹ ತನ್ನ ಅಪ್‌ಸ್ಟಾರ್ಟನ್ನು ಬಿಟ್ಟು ಇತ್ತ ಬಂದಿತು.

ಹೊರಗುಳಿದವರೂ ಉಂಟು. ಜೆಂಟೂ, ಆಲ್ಪೈನ್‌ಗಳಲ್ಲಿ ‘ಓಪನ್‌ಆರ್‌ಸಿ’ ಇದೆ: ಹಳೆಯ ಆಜ್ಞಾಪಟ್ಟಿಗಳೇ, ಆದರೆ ಯಾರಿಗೆ ಯಾರು ಮೊದಲು ಬೇಕೆಂಬುದನ್ನು ಅಂಕೆಯ ಬದಲು ಹೆಸರಿನಿಂದ ಹೇಳುವ ವ್ಯವಸ್ಥೆ. ವಾಯ್ಡ್‌ನ ‘ರನಿಟ್’ ಪ್ರತಿ ಸೇವೆಗೂ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತದೆ; ಅದಕ್ಕಿಂತ ಹೆಚ್ಚಿನ ಉಸಾಬರಿ ಅದಕ್ಕೆ ಬೇಡ. ಒಬ್ಬನೇ ಕುಳಿತು ಪೂರ್ತಿ ಅರಿತುಕೊಳ್ಳಬೇಕೆನ್ನುವ ಸಣ್ಣ ಯಂತ್ರಕ್ಕೆ ಇವೆರಡೇ ಲೇಸೆಂದು ತೋರುತ್ತದೆ. ನೂರಾರು ಸೇವೆಗಳ ದೊಡ್ಡ ಯಂತ್ರಕ್ಕೆ, ದೂರುಗಳೇನೇ ಇರಲಿ, ಸಿಸ್ಟಂಡಿಯನ್ನು ಬಿಡುವುದು ಕಷ್ಟ.

ಮನೆಯ ಲಿನಕ್ಸ್ ಯಂತ್ರ ಏಳಲು ತಡಮಾಡುತ್ತಿದ್ದರೆ, ಅದರಲ್ಲಿ ಸಿಸ್ಟಂಡಿ ಇದ್ದ ಪಕ್ಷಕ್ಕೆ, ‘ಸಿಸ್ಟಂಡಿ-ಅನಲೈಜ್ ಬ್ಲೇಮ್’ ಎಂಬ ಆಜ್ಞೆ ಕೊಟ್ಟು ನೋಡಬಹುದು. ಯಾವ ಸೇವೆ ಎಷ್ಟು ಹೊತ್ತು ತೆಗೆದುಕೊಂಡಿತೆಂಬ ಪಟ್ಟಿ, ಅತಿ ನಿಧಾನಿಯನ್ನು ತಲೆಯ ಮೇಲಿಟ್ಟುಕೊಂಡು, ತೆರೆಯ ಮೇಲೆ ಮೂಡುತ್ತದೆ.