ಕೃಷಿ ಹೊಂಡದ ಮೀನು ಬೆಳಗಿನ ಜಾವದಲ್ಲೇ ಯಾಕೆ ಸಾಯುತ್ತೆ? ನೀರು ನೋಡಿ ತಿಳಿಯೋದು ಹೀಗೆ

ಮೂರ್ನಾಲ್ಕು ದಿನ ಮೋಡ ಮುಚ್ಚಿಕೊಂಡರೆ ಸಾಕು, ನನ್ನ ವಾಟ್ಸ್ಆ್ಯಪ್‌ಗೆ ಒಂದೇ ಥರದ ಫೋಟೋಗಳು ಬರೋಕೆ ಶುರುವಾಗುತ್ತವೆ. ಹೊಂಡದ ಅಂಚಿನಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿರುವ ಕಾಟ್ಲಾ, ಕೆಳಗೆ ಒಂದು ಸಾಲು: "ಸಾರ್, ಯಾರೋ ವಿಷ ಹಾಕಿದ್ದಾರೆ ಅನ್ಸುತ್ತೆ." ಪಕ್ಕದ ಹೊಲದವರ ಮೇಲೆ ಅನುಮಾನ, ಊರಲ್ಲಿ ಜಗಳ, ಕೆಲವೊಮ್ಮೆ ಪೊಲೀಸ್ ಸ್ಟೇಷನ್‌ವರೆಗೂ ಮಾತು ಹೋಗುತ್ತೆ. ಆದರೆ ನಾನು ನೋಡಿರುವ ಬಹುಪಾಲು ಪ್ರಕರಣಗಳಲ್ಲಿ ಯಾರೂ ವಿಷ ಹಾಕಿರಲಿಲ್ಲ. ಮೀನು ಸತ್ತಿದ್ದು ಉಸಿರು ಕಟ್ಟಿ. ನೀರಿನಲ್ಲಿ ಆಮ್ಲಜನಕ ಮುಗಿದು ಹೋಗಿತ್ತು.

ಈ ವಾರ ಅದರ ಬಗ್ಗೆಯೇ ಹೇಳ್ತೀನಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ನಮಗಿರೋದು ಕೆರೆ, ಬೋರ್‌ವೆಲ್, ಮತ್ತೆ ಹೊಂಡ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಟೊಮೆಟೊ, ಮಾವಿನ ತೋಟಗಳ ಪಕ್ಕದಲ್ಲಿ ಸಾಕಷ್ಟು ಆಗಿವೆ. ಹೇಗೂ ನೀರು ನಿಂತಿದೆ, ಮೀನೂ ಬಿಡೋಣ ಅನ್ನೋದು ಒಳ್ಳೆ ಯೋಚನೆಯೇ. ಆದರೆ ಈ ನೀರಿನ ಗುಣ ಗೊತ್ತಿರಬೇಕು.

ಹಗಲು ತುಂಬುತ್ತೆ, ರಾತ್ರಿ ಖಾಲಿಯಾಗುತ್ತೆ

ಮೊಬೈಲ್‌ನಲ್ಲಿ ಸಮುದ್ರದ ಮೀನುಗಾರಿಕೆ ವಿಡಿಯೋ ನೋಡಿರ್ತೀರ. ದ್ವೀಪದ ಸುತ್ತ ಮೀನು ಹಿಡಿಯೋರು ಉಬ್ಬರ-ಇಳಿತ, ಗಾಳಿ, ಅಲೆ ನೋಡಿಯೇ ದೋಣಿ ಇಳಿಸ್ತಾರೆ. ಅಲ್ಲಿ ಅಲೆ, ಪ್ರವಾಹ ಎರಡೂ ನೀರನ್ನು ಸದಾ ಕಲಕುತ್ತಾ ಗಾಳಿ ಬೆರೆಸುತ್ತವೆ. ನಮ್ಮ ಹೊಂಡದಲ್ಲಿ ಅದು ಇಲ್ಲ. ಇಲ್ಲಿ ಆಮ್ಲಜನಕ ಹೆಚ್ಚಾಗಿ ಬರೋದು ನೀರಿನ ಹಸಿರು ಪಾಚಿಯಿಂದ. ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತೆ. ಕತ್ತಲಾದ ಮೇಲೆ ಅದೇ ಪಾಚಿ, ಮೀನು, ತಳದಲ್ಲಿ ಕೊಳೆಯುವ ಕಸ, ಎಲ್ಲವೂ ಸೇರಿ ಆಮ್ಲಜನಕ ಎಳೆದುಕೊಳ್ಳುತ್ತವೆ. ಹಾಗಾಗಿ ಮಧ್ಯಾಹ್ನ 3 ಗಂಟೆ ಹೊತ್ತಿಗೆ ಹೊಂಡದಲ್ಲಿ ಆಮ್ಲಜನಕ ಅತಿ ಹೆಚ್ಚು, ಸೂರ್ಯ ಹುಟ್ಟೋ ಸ್ವಲ್ಪ ಮುಂಚೆ ಅತಿ ಕಡಿಮೆ. ಮೀನು ಬೆಳಗಿನ ಜಾವದಲ್ಲೇ ಸಾಯೋದಕ್ಕೆ ಇದೇ ಕಾರಣ.

ಗೆಂಡೆ ಜಾತಿ ಮೀನುಗಳಿಗೆ ಒಂದು ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಆರಾಮ. 3ಕ್ಕಿಂತ ಕೆಳಗೆ ಹೋದರೆ ಮೇವು ಬಿಡುತ್ತವೆ, ಒತ್ತಡ ಶುರು. 1ರ ಹತ್ತಿರ ಬಂದರೆ ಬಾಯಿ ಮೇಲೆ ಮಾಡಿ ಗಾಳಿ ನುಂಗೋಕೆ ಒದ್ದಾಡುತ್ತವೆ. ಇನ್ನೊಂದು ವಿಷಯ: ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗೋದು ಕಡಿಮೆ. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿ ನೀರು ಹಿಡಿಯೋದು ಸುಮಾರು 7.5. ನಮ್ಮ ಊರುಗಳು ಎತ್ತರದಲ್ಲಿರೋದರಿಂದ ಅದಕ್ಕಿಂತಲೂ ಸ್ವಲ್ಪ ಕಮ್ಮಿ.

ಎಚ್ಚರ ಇರಬೇಕಾದ ಮೂರು ಕಾಲ

1. ಏಪ್ರಿಲ್-ಮೇ: ಡ್ರಿಪ್‌ಗೆ ನೀರು ಎಳೆದು ಹೊಂಡ ಇಳಿದಿರುತ್ತೆ, ನೀರು ಬಿಸಿಯಾಗಿರುತ್ತೆ, ಮೀನು ದೊಡ್ಡದಾಗಿರುತ್ತೆ. ಹೊಂಡದ ಗೋಡೆ ಇಳಿಜಾರು ಇರೋದರಿಂದ ನೀರು ಇಳಿದಷ್ಟೂ ಜಾಗ ಕಿರಿದಾಗುತ್ತೆ. ಆಳ ಒಂದೂವರೆ ಮೀಟರ್‌ಗಿಂತ ಕೆಳಗೆ ಹೋಗುವ ಸೂಚನೆ ಕಂಡರೆ ಅರ್ಧ ಮೀನು ಹಿಡಿದು ಮಾರಿಬಿಡಿ. ಒಂದು ಮೀಟರ್‌ಗೆ ಬರೋವರೆಗೂ ಕಾಯಬೇಡಿ.

2. ಮೊದಲ ಗುಡುಗು ಮಳೆ: ಬೇಸಿಗೆಯಲ್ಲಿ ಮೇಲಿನ ನೀರು ಬಿಸಿ, ತಳದ ನೀರು ತಂಪು. ಎರಡೂ ಬೆರೆಯೋದಿಲ್ಲ. ತಳದಲ್ಲಿ ಆಮ್ಲಜನಕ ಇರೋದಿಲ್ಲ, ಕೆಟ್ಟ ಅನಿಲ ಸೇರಿಕೊಂಡಿರುತ್ತೆ. ಜೋರು ಮಳೆ-ಗಾಳಿಗೆ ಮೇಲಿನ ನೀರು ಒಮ್ಮೆಲೇ ತಣ್ಣಗಾಗಿ ಕೆಳಗಿಳಿದು, ತಳದ ನೀರು ಮೇಲೆ ಬರುತ್ತೆ. ಆ ರಾತ್ರಿಯೇ ಮೀನು ಹೋಗಬಹುದು.

3. ಅಕ್ಟೋಬರ್‌ನಿಂದ ಡಿಸೆಂಬರ್: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದಾಗ ನಮ್ಮ ಕಡೆ ದಿನಗಟ್ಟಲೆ ಮೋಡ, ಜಡಿಮಳೆ. ಬಿಸಿಲಿಲ್ಲ ಅಂದರೆ ಪಾಚಿ ಆಮ್ಲಜನಕ ಕೊಡೋದಿಲ್ಲ, ಆದರೆ ರಾತ್ರಿಯ ಖರ್ಚು ಹಾಗೇ ಇರುತ್ತೆ. ಎರಡನೇ, ಮೂರನೇ ದಿನದ ಬೆಳಗ್ಗೆಯೇ ಅಪಾಯ.

ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಫೋನಲ್ಲಿ ಇಟ್ಟುಕೊಳ್ಳಿ. ಮುಂದಿನ ದಿನಗಳಲ್ಲಿ ಮೋಡ ಅಂತ ತೋರಿಸಿದರೆ ಅವತ್ತಿನಿಂದಲೇ ಮೇವು ಅರ್ಧಕ್ಕೆ ಇಳಿಸಿ. ಮೋಡ ಮುಚ್ಚಿದ ದಿನ ಮೇವು ಹಾಕಲೇಬೇಡಿ. ಗೆಂಡೆಗಳು ಎರಡು-ಮೂರು ದಿನ ಮೇವಿಲ್ಲದೆ ಸಾಯೋದಿಲ್ಲ. ತಿನ್ನದೆ ಉಳಿದ ಮೇವು ಕೊಳೆತು ಆಮ್ಲಜನಕ ತಿಂದರೆ ಮಾತ್ರ ಸಾಯುತ್ತವೆ.

ದಿನಾ ಐದು ನಿಮಿಷ

ಬೆಳಗ್ಗೆ 6 ಗಂಟೆ ಒಳಗೆ ಹೊಂಡದ ಹತ್ತಿರ ಹೋಗಿ, ಸದ್ದು ಮಾಡದೆ ನಿಂತು ನೋಡಿ.

- ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆಯಾ? ಕೈ ಚಪ್ಪಾಳೆ ಹೊಡೆದರೆ ತಕ್ಷಣ ಕೆಳಗೆ ಹೋದರೆ ಪರವಾಗಿಲ್ಲ. ಹೋಗದೆ ಅಲ್ಲೇ ಇದ್ದರೆ ಪರಿಸ್ಥಿತಿ ಕೆಟ್ಟಿದೆ.
- ನೀರಿನ ಬಣ್ಣ ನಿನ್ನೆಯಷ್ಟೇ ಇದೆಯಾ? ತಿಳಿ ಹಸಿರು ಒಳ್ಳೇದು. ಗಾಢ ಹಸಿರು ಅಂದರೆ ಪಾಚಿ ಜಾಸ್ತಿ. ಹಸಿರಿದ್ದ ನೀರು ಒಮ್ಮೆಲೇ ಕಂದು ಅಥವಾ ಬೂದು ಆದರೆ ಪಾಚಿ ಸತ್ತಿದೆ ಅಂತ ಅರ್ಥ. ದಿನಾ ಒಂದೇ ಜಾಗದಿಂದ ಒಂದು ಫೋಟೋ ತೆಗೆದಿಡಿ, ವ್ಯತ್ಯಾಸ ತಾನಾಗೇ ಗೊತ್ತಾಗುತ್ತೆ.
- ಕೊಳೆತ ಮೊಟ್ಟೆ ವಾಸನೆ ಇದೆಯಾ?

ವಾರಕ್ಕೊಮ್ಮೆ ಮಧ್ಯಾಹ್ನದ ಹೊತ್ತು ಇನ್ನೊಂದು ಪರೀಕ್ಷೆ. ಉದ್ದ ಕೋಲಿನ ತುದಿಗೆ ಬಿಳಿ ಡಬ್ಬಿ ಮುಚ್ಚಳ ಕಟ್ಟಿ, ಕೋಲಿನ ಮೇಲೆ ಸೆಂಟಿಮೀಟರ್ ಗುರುತು ಹಾಕಿ ನೀರಿಗೆ ಇಳಿಸಿ. ಮುಚ್ಚಳ 25ರಿಂದ 40 ಸೆಂ.ಮೀ. ಆಳದಲ್ಲಿ ಮರೆಯಾದರೆ ಸರಿ. 20 ಸೆಂ.ಮೀ. ಒಳಗೇ ಮರೆಯಾದರೆ ಪಾಚಿ ಅತಿಯಾಗಿದೆ. ಸಗಣಿ, ಗೊಬ್ಬರ ನಿಲ್ಲಿಸಿ, ಸ್ವಲ್ಪ ನೀರು ತೋಟಕ್ಕೆ ಬಿಟ್ಟು ಹೊಸ ನೀರು ತುಂಬಿ.

ಒಂದು ಮಾತು. ಪ್ಲಾಸ್ಟಿಕ್ ಹಾಳೆ ಮೇಲೆ ಕಾಲು ಜಾರಿದರೆ ಈಜು ಬರೋರೂ ಮೇಲೆ ಹತ್ತೋಕೆ ಆಗೋದಿಲ್ಲ. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ, ಒಂದು ಹಳೇ ಟ್ಯೂಬ್ ಇರಲೇಬೇಕು. ಕತ್ತಲಲ್ಲಿ ಒಬ್ಬರೇ ಅಂಚಿಗೆ ಇಳೀಬೇಡಿ.

ಮೀನು ಒದ್ದಾಡುತ್ತಿದ್ದರೆ ತಕ್ಷಣ ಏನು ಮಾಡಬೇಕು

ಹೊಂಡದ ನೀರನ್ನೇ ಪಂಪ್‌ನಿಂದ ಎತ್ತಿ, ಮೇಲಿನಿಂದ ಮಳೆ ಥರ ಅದೇ ಹೊಂಡಕ್ಕೆ ಚಿಮ್ಮಿಸಿ. ಪೈಪ್‌ನ ಬಾಯಿ ತಳದಲ್ಲಿ ಇರಬಾರದು. ಖಾಲಿ ಕ್ಯಾನ್ ಕಟ್ಟಿ ತೇಲಿಸಿ, ಮೇಲಿನ ಎರಡು ಅಡಿ ನೀರನ್ನೇ ಎಳೆಯಿರಿ. ತಳದ ನೀರು ಎಳೆದರೆ ಕೆಟ್ಟದ್ದನ್ನೇ ಮೇಲೆ ತಂದ ಹಾಗಾಗುತ್ತೆ. ಬೋರ್‌ವೆಲ್ ನೀರು ಬಿಡೋದಾದರೆ ನೇರವಾಗಿ ಬಿಡಬೇಡಿ. ನಮ್ಮ ಆಳದ ಬೋರ್ ನೀರಿನಲ್ಲಿ ಆಮ್ಲಜನಕ ಬಹಳ ಕಮ್ಮಿ ಇರುತ್ತೆ. ಕಲ್ಲಿನ ಮೇಲೋ ತೂತು ಮಾಡಿದ ಪೈಪಿನಿಂದಲೋ ಎತ್ತರದಿಂದ ಬೀಳಿಸಿ. ಬಿಸಿಲು ಚೆನ್ನಾಗಿ ಏರೋವರೆಗೆ ನಿಲ್ಲಿಸಬೇಡಿ.

ತ್ರೀ ಫೇಸ್ ಕರೆಂಟ್ ಬೆಳಗಿನ ಜಾವ ಇರುತ್ತೋ ಇಲ್ಲವೋ ಅನ್ನೋದನ್ನ ಮೊದಲೇ ನೋಡಿಟ್ಟುಕೊಳ್ಳಿ. ಇಲ್ಲದಿದ್ದರೆ ಡೀಸೆಲ್ ಪಂಪ್ ಯಾರ ಹತ್ತಿರ ಸಿಗುತ್ತೆ ಅಂತ ಮೋಡ ಬರೋ ಮುಂಚೆಯೇ ಕೇಳಿಡಿ. ಆ ಹೊತ್ತಲ್ಲಿ ಸುಣ್ಣ, ಯೂರಿಯಾ, ಸಗಣಿ ಏನೂ ಹಾಕಬೇಡಿ.

ವಿಷವೋ, ಉಸಿರು ಕಟ್ಟಿದ್ದೋ?

ಜಗಳಕ್ಕೆ ಹೋಗೋ ಮುಂಚೆ ಇದನ್ನು ನೋಡಿ. ಆಮ್ಲಜನಕ ಕಡಿಮೆಯಾದರೆ ಸಾವು ರಾತ್ರಿ-ಬೆಳಗಿನ ಜಾವದಲ್ಲಿ, ದೊಡ್ಡ ಮೀನು ಮೊದಲು, ಬಾಯಿ ತೆರೆದಿರುತ್ತೆ, ಉಳಿದವು ನೀರು ಬೀಳೋ ಜಾಗದಲ್ಲಿ ಗುಂಪಾಗಿರುತ್ತವೆ. ಕೀಟನಾಶಕ ಸೇರಿದ್ದರೆ ಹಗಲಲ್ಲೂ ಸಾಯುತ್ತವೆ, ಸಣ್ಣ ಮೀನು ಮೊದಲು, ಸುತ್ತು ಹೊಡೆದು ನಡುಗುತ್ತಾ ಈಜುತ್ತವೆ. ನೀರಿನ ಹುಳುಗಳೂ ಸತ್ತಿರುತ್ತವೆ.

ಕೀಟನಾಶಕ ಬಂದಿದ್ದರೂ ಅದು ಬೇಕಂತ ಹಾಕಿದ್ದೇ ಅಂತ ಅಂದುಕೊಳ್ಳಬೇಡಿ, ನಮ್ಮದೇ ತೋಟದ ಸ್ಪ್ರೇ ಇರಬಹುದು. ಟೊಮೆಟೊ, ಮಾವಿಗೆ ಹೊಡೆಯುವ ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್‌ನಂಥ ಔಷಧಿಗಳು ಮೀನಿಗೆ ಅತಿ ಕಡಿಮೆ ಪ್ರಮಾಣದಲ್ಲೇ ಮಾರಕ. ಗಾಳಿ ಹೊಂಡದ ಕಡೆ ಬೀಸುವಾಗ ಸಿಂಪಡಿಸಬೇಡಿ. ಡ್ರಮ್, ಪಂಪ್ ತೊಳೆದ ನೀರು ಹೊಂಡಕ್ಕೆ ಹರಿಯಬಾರದು. ಪಕ್ಕದ ತೋಟದವರಿಗೂ ಹೊಂಡದಲ್ಲಿ ಮೀನಿದೆ ಅಂತ ಮೊದಲೇ ಹೇಳಿಟ್ಟಿರಿ.

ಎಷ್ಟು ಮರಿ, ಎಷ್ಟು ಮೇವು

ತೊಂದರೆಯ ಬೇರು ಇರೋದೇ ಇಲ್ಲಿ. 21x21 ಮೀಟರ್ ಹೊಂಡದ ಮೇಲ್ಮೈ 441 ಚದರ ಮೀಟರ್. ಚದರ ಮೀಟರ್‌ಗೆ ಅರ್ಧ ಮೀನಿನ ಲೆಕ್ಕದಲ್ಲಿ 200ರಿಂದ 220 ಮರಿ ಸಾಕು. ಗಾಳಿಯಾಡಿಸುವ ಯಂತ್ರ ಇಲ್ಲದೆ ಸಾವಿರ ಮರಿ ಬಿಟ್ಟರೆ ಮೋಡದ ಒಂದೇ ರಾತ್ರಿ ಲೆಕ್ಕ ಚುಕ್ತಾ ಆಗುತ್ತೆ. ಮೇಲ್ಪದರಕ್ಕೆ ಕಾಟ್ಲಾ 40 ಭಾಗ, ನಡುವಿಗೆ ರೋಹು 30, ತಳಕ್ಕೆ ಮೃಗಾಲ್ ಅಥವಾ ಸಾಮಾನ್ಯ ಗೆಂಡೆ 30. ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದಕ್ಕೆ ನಿಷೇಧ ಇದೆ, ಯಾರು ಎಷ್ಟೇ ಆಸೆ ತೋರಿಸಿದರೂ ಬೇಡ.

ಮೇವು ದೇಹದ ತೂಕದ ಶೇ. 2. ತಲಾ 300 ಗ್ರಾಂನ 200 ಮೀನು ಅಂದರೆ 60 ಕೆಜಿ, ಅದಕ್ಕೆ ದಿನಕ್ಕೆ 1.2 ಕೆಜಿ ಮೇವು. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮ ಪ್ರಮಾಣದಲ್ಲಿ ಕಲಸಿ ತಟ್ಟೆಯಲ್ಲಿಟ್ಟು ಇಳಿಸಿ. ಎರಡು ಗಂಟೆ ಆದಮೇಲೂ ಉಳಿದಿದ್ದರೆ ನಾಳೆ ಕಮ್ಮಿ ಮಾಡಿ. ಬಿಸಿಲು ಬಂದ ಮೇಲೆ, 9-10 ಗಂಟೆಗೆ ಮೇವು ಹಾಕಿ. ಬೆಳಗ್ಗೆ ಎದ್ದ ಕೂಡಲೇ ಬೇಡ.

ಕೆರೆ ಗುತ್ತಿಗೆ ಹಿಡಿಯೋರಿಗೆ

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಒಂದೊಂದೇ ಕೆರೆ ತುಂಬುತ್ತಾ ಬಂತು. ಇದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಬಿಡುವ ನೀರು. ಇಂಥ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರೋದರಿಂದ ಪಾಚಿ, ಜೊಂಡು ಬೇಗ ಬೆಳೆಯುತ್ತೆ. ಮೇಲೆ ಹೇಳಿದ ಬೆಳಗಿನ ಜಾವದ ಅಪಾಯ ಈ ಕೆರೆಗಳಲ್ಲಿ ಇನ್ನೂ ಜಾಸ್ತಿ. ಗುತ್ತಿಗೆಗೆ ಮುಂಚೆ ಎರಡು-ಮೂರು ದಿನ ಬೆಳಗ್ಗೆ ಹೋಗಿ ನೀರು ನೋಡಿ ಬನ್ನಿ, ನೀರಿನ ಪರೀಕ್ಷೆ ಮಾಡಿಸಿ, ಆಮೇಲೆ ದುಡ್ಡು ಕಟ್ಟಿ.

ಹಿಡಿಯೋದು, ಮಾರೋದು

ಹಿಡಿಯೋ ಹಿಂದಿನ ದಿನ ಮೇವು ನಿಲ್ಲಿಸಿ. ಬಲೆ ಎಳೆಯೋದು ತಂಪು ಹೊತ್ತಲ್ಲಿ, ಆದರೆ ಮೀನು ಬಾಯಿ ಬಿಡುತ್ತಿರುವ ಬೆಳಗ್ಗೆ ಬಲೆ ಬೇಡ. ತಳ ಕಲಕಿದರೆ ಉಳಿದ ಮೀನೂ ಹೋಗುತ್ತೆ. ಬೇಸಿಗೆಯಲ್ಲಿ ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್ ಲೆಕ್ಕ ಇಟ್ಟುಕೊಳ್ಳಿ. ಶ್ರಾವಣದಲ್ಲಿ ಗಿರಾಕಿ ಕಮ್ಮಿ, ಭಾನುವಾರ ಜಾಸ್ತಿ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಿಂದಿನ ರಾತ್ರಿಯೇ ತಿಳಿಸಿದರೆ ಹೊಂಡದ ಹತ್ತಿರವೇ ಖರ್ಚಾಗುತ್ತೆ.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ. 60 ಸಹಾಯಧನ ಇದೆ. ನಿಮ್ಮ ಹೊಂಡಕ್ಕೆ ಯಾವುದು ಅನ್ವಯಿಸುತ್ತೆ ಅಂತ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ.

ಈ ವಾರ ಎರಡೇ ಕೆಲಸ ಮಾಡಿ. ಪೈಪ್‌ಗೆ ಕ್ಯಾನ್ ಕಟ್ಟಿ ನೀರು ಚಿಮ್ಮಿಸುವ ವ್ಯವಸ್ಥೆ ಒಮ್ಮೆ ಓಡಿಸಿ ನೋಡಿ. ನಾಳೆ ಬೆಳಗ್ಗೆಯಿಂದ ದಿನಾ ಒಂದು ಫೋಟೋ ತೆಗೆದಿಡಿ. ಮುಂದಿನ ಸಲ ಪ್ರಶ್ನೆ ಕಳಿಸುವಾಗ ಸತ್ತ ಮೀನಿನ ಫೋಟೋ ಬದಲು ಹಿಂದಿನ ಐದು ದಿನದ ನೀರಿನ ಫೋಟೋ ಕಳಿಸಿ. ಉತ್ತರ ಹೇಳೋದು ಆಗ ಸುಲಭ.