ಕಾಲರಾ: ರೋಗಾಣುವಿನಿಂದ ಅದರ ನಂಜಿನವರೆಗೆ

ಒಂದು ಸಾಂಕ್ರಾಮಿಕ ರೋಗಕ್ಕೆ ಇಂಥ ಸೂಕ್ಷ್ಮಜೀವಿಯೇ ಕಾರಣವೆಂದು ಗುರುತಿಸುವುದು ವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರದ ಮೊದಲ ಕೆಲಸವಾದರೆ, ಆ ಜೀವಿ ದೇಹದಲ್ಲಿ ಹೇಗೆ ಹಾನಿ ಮಾಡುತ್ತದೆಂದು ಕಂಡುಕೊಳ್ಳುವುದು ಎರಡನೆಯದು. ಎರಡನೆಯದು ತಿಳಿಯದೆ ಮೊದಲನೆಯದರಿಂದ ಸಿಗುವ ಪ್ರಯೋಜನ ಅರೆಬರೆಯೇ ಎಂಬುದಕ್ಕೆ ಕಾಲರಾ ಅಧ್ಯಯನದ ಚರಿತ್ರೆ ಒಳ್ಳೆಯ ನಿದರ್ಶನ. ಈ ಎರಡರ ನಿರ್ಣಾಯಕ ಘಟ್ಟಗಳೂ ಕಲ್ಕತ್ತೆಯಲ್ಲೇ ನಡೆದವು. ಅವುಗಳ ನಡುವೆ 75 ವರ್ಷಗಳು ಕಳೆದವು.

ಜರ್ಮನಿಯ ರಾಬರ್ಟ್ ಕಾಖ್ 1883ರಲ್ಲಿ ಈಜಿಪ್ಟಿನಲ್ಲಿ, ಕಾಲರಾದಿಂದ ಸತ್ತವರ ಕರುಳಿನಲ್ಲಿ ಕಂಡಿದ್ದ ಬ್ಯಾಕ್ಟೀರಿಯವನ್ನು 1884ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಬೇರೆ ಜೀವಿಗಳ ಬೆರಕೆಯಿಲ್ಲದೆ ಪ್ರತ್ಯೇಕವಾಗಿ ಬೆಳೆಸಿದರು. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಈ ಜೀವಿಯೇ ವಿಬ್ರಿಯೊ ಕಾಲರೆ. ಆದರೆ ಪ್ರಾಣಿಗಳಿಗೆ ಸಹಜವಾಗಿ ಕಾಲರಾ ತಗಲುವುದಿಲ್ಲವಾದ್ದರಿಂದ, ರೋಗಾಣುವನ್ನು ಪ್ರಾಣಿಯ ದೇಹಕ್ಕೆ ಸೇರಿಸಿ ಅದೇ ರೋಗವನ್ನು ಬರಿಸಿ ತೋರಿಸಬೇಕೆಂಬ ನಿಯಮವನ್ನು ಇಲ್ಲಿ ಪೂರೈಸುವುದು ಕಷ್ಟವಾಯಿತು. ರೋಗಿಯ ದೇಹದಿಂದ ಅಷ್ಟೊಂದು ನೀರು ಹರಿದುಹೋಗುವುದೇಕೆ ಎಂಬ ಪ್ರಶ್ನೆಯೂ ಹಾಗೆಯೇ ಉಳಿಯಿತು.

ಉತ್ತರ ದೊರೆತದ್ದು ಬಂಗಾಳದ ರೋಗಶಾಸ್ತ್ರಜ್ಞ ಶಂಭುನಾಥ ಡೇ ಅವರಿಂದ. ಮೊಲದ ಸಣ್ಣಕರುಳಿನ ಒಂದು ತುಂಡನ್ನು ದೇಹದೊಳಗೇ ಎರಡೂ ಕಡೆ ದಾರದಿಂದ ಕಟ್ಟಿ, ಆ ಭಾಗದೊಳಕ್ಕೆ ಕಾಲರಾ ಬ್ಯಾಕ್ಟೀರಿಯಗಳನ್ನು ಚುಚ್ಚಿದಾಗ ಅದು ದ್ರವದಿಂದ ಉಬ್ಬುವುದನ್ನು ಅವರು 1953ರಲ್ಲಿ ತೋರಿಸಿದರು. 1959ರಲ್ಲಿ, ಬ್ಯಾಕ್ಟೀರಿಯ ಬೆಳೆದ ದ್ರವವನ್ನು ಸೋಸಿ, ಒಂದು ಜೀವಿಯೂ ಉಳಿಯದ ಆ ಸೋಸಿದ ದ್ರವವನ್ನಷ್ಟೇ ಚುಚ್ಚಿದಾಗಲೂ ಕರುಳು ಅದೇ ರೀತಿ ಉಬ್ಬಿತು. ಹಾಗಾಗಿ ನೀರಿಳಿಸುವುದು ಬ್ಯಾಕ್ಟೀರಿಯ ಹೊರಸೂಸುವ ಒಂದು ನಂಜು ಎಂಬುದು ಖಚಿತವಾಯಿತು.

ಈ ನಂಜು ಕರುಳಿನ ಒಳಪದರವನ್ನು ಕೊರೆದು ನಾಶಮಾಡುವುದಿಲ್ಲ. ಜೀವಕೋಶಗಳೊಳಗೆ ಸೇರಿ, ಅಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ರಾಸಾಯನಿಕದ ಪ್ರಮಾಣವನ್ನು ಏರಿಸಿ, ಕ್ಲೋರೈಡ್ ಲವಣಾಂಶವನ್ನೂ ಅದರ ಬೆನ್ನಿಗೇ ನೀರನ್ನೂ ಹೊರಹರಿಸುತ್ತದೆ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಾಗಿ ಕೋಶದೊಳಕ್ಕೆ ಹೋಗುವ ಮಾರ್ಗ ಈ ನಂಜಿಗೆ ಸಿಕ್ಕಿಬೀಳುವುದಿಲ್ಲ. ಸಕ್ಕರೆ ಮತ್ತು ಉಪ್ಪನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದ ನೀರನ್ನು ಕುಡಿಸಿದರೆ ಭೇದಿ ನಿಲ್ಲುವ ಮೊದಲೇ ದೇಹ ಅದನ್ನು ಹೀರಿಕೊಳ್ಳುವುದು ಇದೇ ಕಾರಣದಿಂದ. ಓಆರ್‌ಎಸ್ ಪೊಟ್ಟಣದ ಹಿಂದಿರುವ ತತ್ತ್ವ ಇದು. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಬಂದಾಗ, ವೈದ್ಯ ದಿಲೀಪ್ ಮಹಾಲನಬಿಸ್ ಈ ದ್ರಾವಣವನ್ನು ನಿರಾಶ್ರಿತರಿಗೆ ಕುಡಿಸಿ, ಸುಮಾರು ಶೇ. 30ರಷ್ಟಿದ್ದ ಮರಣಪ್ರಮಾಣವನ್ನು ಶೇ. 4ಕ್ಕಿಂತ ಕೆಳಗಿಳಿಸಿದರು. ಪ್ರತಿಜೈವಿಕ ಔಷಧಿಗಳು ಕಾಲರಾ ರೋಗದ ಅವಧಿಯನ್ನು ಕಡಿಮೆ ಮಾಡುತ್ತವೆ ನಿಜ, ಆದರೆ ರೋಗಿಯ ಪ್ರಾಣ ಉಳಿಸುವುದು ಮುಖ್ಯವಾಗಿ ಸಕಾಲದಲ್ಲಿ ಮರಳಿ ತುಂಬಿದ ಈ ಉಪ್ಪುನೀರೇ.