ಹಿಂದಿನ ತಾರೀಖು

ಆಕೃತಿ ಸರಳವಾಗಿತ್ತು. ಒಂದು ತಾರೀಖಿನವರೆಗೆ ಷೇರು ಬೆಲೆ ಇಳಿಯುತ್ತಾ ಬರುತ್ತದೆ, ಆ ದಿನದ ಹೊತ್ತಿಗೆ ತಳ ಮುಟ್ಟುತ್ತದೆ, ಅಲ್ಲಿಂದ ಏರತೊಡಗುತ್ತದೆ. ಅಮೆರಿಕದ ಕಂಪನಿಗಳು ತಮ್ಮ ಮುಖ್ಯಸ್ಥರಿಗೆ ಸ್ಟಾಕ್ ಆಪ್ಷನ್ ಕೊಟ್ಟ ದಿನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಕಣಿವೆ ಕಾಣುತ್ತಿತ್ತು. ಕಾಣುವುದು ಸುಲಭ, ಅರ್ಥ ಮಾಡಿಕೊಳ್ಳುವುದು ಕಷ್ಟವಾಯಿತು.

ಸ್ಟಾಕ್ ಆಪ್ಷನ್ ಎಂಬ ಮಾತು ಇನ್ಫೋಸಿಸ್ ಬೆಳೆದ ಕಾಲದಿಂದ ಬೆಂಗಳೂರಿನ ಮನೆಗಳಿಗೂ ಪರಿಚಿತ. ಇಂದಿನ ಬೆಲೆಗೆ ಮುಂದೊಂದು ದಿನ ಷೇರು ಕೊಳ್ಳುವ ಹಕ್ಕು ಅದು. ಕೊಟ್ಟ ದಿನ ಷೇರಿಗೆ 20 ಡಾಲರ್ ಇದ್ದು, ಆಮೇಲೆ 50 ಆದರೆ, ಷೇರಿಗೆ 30 ಡಾಲರ್ ಲಾಭ. ಹಾಗಾಗಿ ಕೊಟ್ಟ ದಿನ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಗಿನ ಲೆಕ್ಕದ ನಿಯಮ ಇನ್ನೊಂದು ಗಂಟು ಹಾಕಿತ್ತು: ಆಪ್ಷನ್ ಬೆಲೆ ಆ ದಿನದ ಪೇಟೆ ಬೆಲೆಗೆ ಸಮನಾಗಿದ್ದರೆ ಕಂಪನಿ ಅದನ್ನು ಖರ್ಚೆಂದು ತೋರಿಸಬೇಕಾಗಿರಲಿಲ್ಲ, ಕಡಿಮೆಯಿದ್ದರೆ ತೋರಿಸಬೇಕಿತ್ತು.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೇವಿಡ್ ಯರ್ಮ್ಯಾಕ್ 1997ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ದೊಡ್ಡ ಕಂಪನಿಗಳ 620 ಆಪ್ಷನ್‌ಗಳನ್ನು ತೆಗೆದುಕೊಂಡಿದ್ದರು. ಕೊಟ್ಟ ಮೇಲೆ ಬೆಲೆ ಏರುವುದನ್ನು ಅವರು ಸ್ಪಷ್ಟವಾಗಿ ಕಂಡರು. ಒಳ್ಳೆಯ ಸುದ್ದಿ ಹೊರಬೀಳುವ ಮುನ್ನ ಮುಖ್ಯಸ್ಥರು ಆಪ್ಷನ್ ಪಡೆದುಕೊಳ್ಳುತ್ತಾರೆ ಎಂಬುದು ಅವರ ವಿವರಣೆ. 2000ದಲ್ಲಿ ಸಂಶೋಧಕರಾದ ಡೇವಿಡ್ ಅಬೂಡಿ ಮತ್ತು ರಾನ್ ಕಾಸ್ನಿಕ್, ತಾರೀಖು ಮೊದಲೇ ಗೊತ್ತಿರುವ ಕಡೆ ಕೆಟ್ಟ ಸುದ್ದಿಯನ್ನು ಮುಂಚೆ ಬಿಟ್ಟು ಒಳ್ಳೆಯದನ್ನು ತಡೆಹಿಡಿಯುತ್ತಾರೆ ಎಂದು ತೋರಿಸಿದರು. ಎರಡೂ ನಂಬುವಂಥ ಮಾತುಗಳೇ. ತನ್ನ ಕಂಪನಿಯ ಒಳಗುಟ್ಟು ಮುಖ್ಯಸ್ಥನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಅಯೋವಾ ವಿಶ್ವವಿದ್ಯಾಲಯದ ಎರಿಕ್ ಲೀ ಇದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಮುಂದೆ 1992ರಿಂದ 2002ರವರೆಗಿನ 5,977 ಆಪ್ಷನ್‌ಗಳಿದ್ದವು. ತಾರೀಖು ಮೊದಲೇ ನಿಗದಿಯಾದವನ್ನು ಒಂದು ಕಡೆ, ಆಗದವನ್ನು ಇನ್ನೊಂದು ಕಡೆ ಇಟ್ಟರು. ನಿಗದಿಯಾಗದ ಗುಂಪಿನಲ್ಲಿ ಕಣಿವೆ ಆಳವಾಗಿತ್ತು. ವರ್ಷಗಳು ಉರುಳಿದಂತೆ ಇನ್ನೂ ಆಳವಾಗುತ್ತಾ ಹೋಗಿತ್ತು.

ಆದರೆ ಗುಟ್ಟು ಬಿಚ್ಚಿದ್ದು ಬೇರೊಂದು ಕಡೆ, ಮತ್ತು ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದೂ ಅದೇ. ಇಂಥ ಸಂಶೋಧನೆಯಲ್ಲಿ ಷೇರಿನ ಏರಿಳಿತವನ್ನು ಎರಡು ಪಾಲು ಮಾಡುತ್ತಾರೆ: ಇಡೀ ಪೇಟೆಯ ಏರಿಳಿತದಿಂದ ಬಂದದ್ದು ಒಂದು, ಆ ಕಂಪನಿಯದೇ ಆದದ್ದು ಇನ್ನೊಂದು. ಮೊದಲನೆಯದನ್ನು ಕಳೆದು ಬದಿಗಿಟ್ಟು, ಉಳಿದದ್ದನ್ನು ಓದುವುದು ರೂಢಿ. ಲೀ ಆ ಬದಿಗಿಟ್ಟ ಪಾಲನ್ನೂ ತೆಗೆದು ನೋಡಿದರು. ಅಲ್ಲಿಯೂ ಕಣಿವೆ ಇತ್ತು! ಆಪ್ಷನ್ ಕೊಡುವ ಮುಂಚೆ ಇಡೀ ಪೇಟೆಯೇ ಸೊರಗಿ, ಕೊಟ್ಟ ಮೇಲೆ ಇಡೀ ಪೇಟೆಯೇ ಚೇತರಿಸಿಕೊಂಡಂತೆ.

ತನ್ನ ಕಂಪನಿಯ ಮುಂದಿನ ಲಾಭ ಮುಖ್ಯಸ್ಥನಿಗೆ ಗೊತ್ತಿರಬಹುದು. ಮುಂದಿನ ತಿಂಗಳು ಪೇಟೆ ಎತ್ತ ಹೋಗುತ್ತದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಹಾಗಿದ್ದರೆ ಉಳಿಯುವ ದಾರಿ ಒಂದೇ: ಕೆಲವು ತಾರೀಖುಗಳನ್ನಾದರೂ ಆಮೇಲೆ ಆರಿಸಲಾಗಿದೆ. ಬೆಲೆ ಏರಿದ್ದನ್ನು ಕಂಡ ಮೇಲೆ ಕಾಗದದಲ್ಲಿ ಹಿಂದಿನ, ಅಗ್ಗದ ದಿನವನ್ನು ಬರೆದಿದ್ದಾರೆ. ಹಳೆಯ ತಾರೀಖಿನ ಛಾಪಾಕಾಗದದ ಸುದ್ದಿ ಕೇಳಿಯೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಖ್ಯಸ್ಥರ ಕೈಗೆ ಹೋದ ಆ ವ್ಯತ್ಯಾಸದ ಹಣ ಷೇರುದಾರರದು. ಅವರಲ್ಲಿ ನಿವೃತ್ತಿಗೆಂದು ಕೂಡಿಡುತ್ತಿದ್ದ ಸಾಧಾರಣ ಜನರೂ ಇದ್ದರು ಎಂಬುದನ್ನು ಮರೆಯಲಾಗದು.

ಲೀ ಅವರ ಪ್ರಬಂಧ 2005ರ ಮೇ ತಿಂಗಳಲ್ಲಿ ಮ್ಯಾನೇಜ್‌ಮೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂತು. ಮರುವರ್ಷ ಮಾರ್ಚ್ 18ರಂದು ವಾಲ್ ಸ್ಟ್ರೀಟ್ ಜರ್ನಲ್ ಕಂಪನಿಗಳ ಹೆಸರು ಹಿಡಿದು ಬರೆಯಿತು. ನೂರಕ್ಕೂ ಹೆಚ್ಚು ಕಂಪನಿಗಳು ತನಿಖೆಗೆ ಒಳಗಾದವು. ಯುನೈಟೆಡ್‌ಹೆಲ್ತ್‌ನ ಮುಖ್ಯಸ್ಥ ವಿಲಿಯಂ ಮೆಗ್ವೈರ್ ಹುದ್ದೆ ಬಿಟ್ಟರು. 2007ರಲ್ಲಿ, ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, 46.8 ಕೋಟಿ ಡಾಲರ್‌ನ ರಾಜಿಗೆ ಒಪ್ಪಿದರು. ವಾಲ್ ಸ್ಟ್ರೀಟ್ ಜರ್ನಲ್ ವರದಿಗೆ ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಲೀ ಅಲ್ಲಿಗೇ ನಿಲ್ಲಿಸಲಿಲ್ಲ. ತಾರೀಖನ್ನು ತಿದ್ದಲು ಪುರುಸೊತ್ತು ಬೇಕು. ಮುಂಚೆ ಆಪ್ಷನ್ ಪಡೆದದ್ದನ್ನು ವರದಿ ಮಾಡಲು ಆರ್ಥಿಕ ವರ್ಷ ಮುಗಿದು 45 ದಿನದವರೆಗೂ ಸಮಯವಿತ್ತು. ಅಮೆರಿಕದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂದ ಮೇಲೆ, 2002ರ ಆಗಸ್ಟ್ 29ರಿಂದ, ಎರಡೇ ಕೆಲಸದ ದಿನ. ರ‍್ಯಾಂಡಲ್ ಹೆರನ್ ಎಂಬ ಸಂಶೋಧಕರ ಜೊತೆ ಲೀ ಹೊಸ ಕಾಲದ ಅಂಕಿಗಳನ್ನು ತೆಗೆದು ನೋಡಿದರು. ಒಂದೇ ದಿನದಲ್ಲಿ ವರದಿಯಾದ ಆಪ್ಷನ್‌ಗಳಲ್ಲಿ ಕಣಿವೆ ಪೂರ್ತಿ ಮಾಯವಾಗಿತ್ತು. ತಡವಾಗಿ ವರದಿಯಾದವುಗಳಲ್ಲಿ ಉಳಿದೇ ಇತ್ತು, ತಡವಾದಷ್ಟೂ ಆಳವಾಗಿ.